ಬಟವಾಡೆ ಅಂದರೆ ಸಂಬಳ ಅಲ್ಲ

ಎಸ್ಟೇಟ್ ಆಫೀಸಿಗೆ ಹೊಸದಾಗಿ ಸೇರಿದ್ದೀರಿ, ರಿಜಿಸ್ಟರಿನ ತುಂಬ ‘ಬಟವಾಡೆ’ ಅಂತಿದೆ, ಹಳೇ ಕಾಲದ ಪದ ಅನ್ನಿಸುತ್ತದೆ, ಅದರ ಬದಲು ‘ವೇತನ’ ಅಂತ ಬರೆದರೆ ತಪ್ಪೇ ಅಂತ ಕೇಳಿದ್ದೀರಿ. ತಪ್ಪು. ಅದೇ ತಪ್ಪಿನಿಂದ ನಾನು ಕೆಲಸ ಕಳೆದುಕೊಂಡೆ.

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ರೊಬಸ್ಟಾ ಕುಯ್ಲಿನ ಸಮಯ. ಕೂಲಿಯವರ ಮನೆಗಳ ಸಾಲಿಗೆ ಲೈನ್ ಅನ್ನುತ್ತೇವೆ, ಆ ಲೈನಿನಲ್ಲಿ ಎಲ್ಲರೂ “ಈ ವಾರ ಬಟವಾಡೆ ಎಷ್ಟು ಬಂತು?” ಅಂತ ಕೇಳಿಕೊಳ್ಳೋರು. ಅದನ್ನೇ ಕೇಳಿ ಕೇಳಿ ಬಟವಾಡೆ ಅಂದರೆ ವಾರದ ಕೂಲಿ, ಕೂಲಿಯ ಲೆಕ್ಕ ಅಂತ ತಿಳಿದಿದ್ದೆ.

ಒಂದು ಶನಿವಾರ ಹಾಜರಿ, ಕೂಲಿ ಬರೆಯುವ ಚೆಕ್‌ರೋಲಿನಲ್ಲಿ 42 ಜನ. ಸಂಜೆ ದುಡ್ಡು ಇಸ್ಕೊಂಡವರು 38. ಬಯಲುಸೀಮೆಯಿಂದ ಹಣ್ಣು ಕುಯ್ಯೋಕೆ ಬಂದಿದ್ದ ನಾಲ್ವರು ಸಾವಿನ ಸುದ್ದಿ ಬಂತು ಅಂತ ಮಧ್ಯಾಹ್ನವೇ ಊರಿಗೆ ಹೊರಟಿದ್ದರು. ನಾನು ಹಾಳೆಯ ಕೆಳಗೆ ‘42 ಜನರ ಬಟವಾಡೆ ಆಗಿದೆ’ ಅಂತ ಬರೆದು ಸಹಿ ಹಾಕಿದೆ. ನನ್ನ ಮನಸ್ಸಿನಲ್ಲಿದ್ದದ್ದು 42 ಜನರ ಲೆಕ್ಕ ಮುಗಿದಿದೆ ಅಂತ. ಓದುವವರಿಗೆ ಅದರ ಅರ್ಥ 42 ಜನರ ಕೈಗೂ ದುಡ್ಡು ಸೇರಿದೆ ಅಂತ. ಎರಡರ ನಡುವೆ ನಾಲ್ಕು ಜನರ ವಾರದ ದುಡಿಮೆ ಇತ್ತು. ಅವರ ಹೆಸರಿನ ಮುಂದೆ ಹೆಬ್ಬೆಟ್ಟಿನ ಜಾಗ ಖಾಲಿ ಇದ್ದದ್ದನ್ನು ನೋಡಿಯೂ ಬರೆದೆ. ಸೋಮವಾರ ಆ ದುಡ್ಡನ್ನು ಲಾರಿ ಬಾಡಿಗೆಯಲ್ಲಿ ಉಳಿದದ್ದರ ಜೊತೆ ಸೇರಿಸಿ ಸಾಹುಕಾರ್ರಿಗೆ ಕೊಟ್ಟೆ. ಯಾವುದು ಎಷ್ಟು ಅಂತ ಒಂದು ಚೀಟಿ ಇಡಲಿಲ್ಲ.

ಎರಡು ವಾರ ಬಿಟ್ಟು ನಾಲ್ವರೂ ಬಂದರು. ಪುಸ್ತಕದ ಪ್ರಕಾರ ಅವರಿಗೆ ಬಾಕಿಯೇ ಇಲ್ಲ. ಅವರಲ್ಲೊಬ್ಬ ಹೆಂಗಸು “ನನ್ ದುಡ್ಡು ಯಾರ್ ಇಸ್ಕೊಂಡ್ರು ರೈಟ್ರೇ?” ಅಂದರು. ಸಾಹುಕಾರ್ರು ನನ್ನ ಸಹಿ ತೋರಿಸಿದರು. “ಬಟವಾಡೆ ಅಂದ್ರೆ ಲೆಕ್ಕ ಅಂದ್ಕೊಂಡಿದ್ದೆ ಸಾರ್” ಅಂದೆ, ಯಾರೂ ನಂಬಲಿಲ್ಲ. ನನ್ನ ಸಂಬಳದಿಂದಲೇ ನಾಲ್ವರಿಗೂ ಕೊಟ್ಟೆ. ಕುಯ್ಲು ಮುಗಿದ ಮೇಲೆ ಬರಬೇಡ ಅಂದರು.

ಪದದ ಮೂಲ ಗೊತ್ತಿದ್ದಿದ್ದರೆ ಹಾಗೆ ಬರೆಯುತ್ತಲೇ ಇರಲಿಲ್ಲ. ಬಟವಾಡೆ ಮರಾಠಿಯ ‘ಬಟವಡಾ’ದಿಂದ ಬಂದದ್ದು, ಅಂದರೆ ಹಂಚಿಕೆ. ಸಂಸ್ಕೃತದ ‘ವಂಟ್’, ಪಾಲು ಮಾಡು ಅನ್ನುವ ಧಾತುವಿನ ಬಳಗ. 1947ರ ದೇಶ ವಿಭಜನೆಗೆ ಹಿಂದಿಯವರು ಹೇಳುವ ‘ಬಟ್ವಾರಾ’ ಕೂಡ ಅದೇ ಬಳಗದ್ದು. ಅಂಚೆಯವರು ಕಾಗದ ಬಟವಾಡೆ ಮಾಡುತ್ತಾರೆ ಅನ್ನುತ್ತೇವಲ್ಲ, ಕಾಗದಕ್ಕೇನು ಸಂಬಳ ಇದೆಯೇ? ಇದು ವಸ್ತುವಿನ ಹೆಸರಲ್ಲ, ಕೈಗೆ ಮುಟ್ಟಿಸುವ ಕೆಲಸದ ಹೆಸರು. ‘ಸಂಬಳ’ದ ಮೂಲ ಬೇರೆ, ಸಂಸ್ಕೃತದ ‘ಶಂಬಲ’, ದಾರಿಬುತ್ತಿ. ಉತ್ತರ ಕರ್ನಾಟಕದವರ ‘ಪಗಾರ’ ಪೋರ್ಚುಗೀಸರದ್ದು. ಸಂಬಳ, ಪಗಾರ, ವೇತನ ಒಂದರ ಜಾಗದಲ್ಲಿ ಇನ್ನೊಂದು ಕೂರಬಹುದು. ಬಟವಾಡೆಯ ಜಾಗದಲ್ಲಿ ಇವು ಯಾವುವೂ ಕೂರುವುದಿಲ್ಲ.

ಹಾಗಾಗಿ ಹಳೇ ಪದವೋ ಹೊಸದೋ ಅನ್ನುವ ಯೋಚನೆಯನ್ನೇ ಬಿಡಿ. ಲೈನಿನವರು ಕೂಲಿಗೇ ಬಟವಾಡೆ ಅಂದರೆ ಅದು ಮಾತಿನ ರೂಢಿ, ತಿದ್ದಲು ಹೋಗಬೇಡಿ. ಸಹಿ ಹಾಕುವ ಪುಸ್ತಕದಲ್ಲಿ ಮಾತ್ರ ಆ ಸಲಿಗೆ ಬೇಡ. ನಿಮ್ಮ ತೋಟದಲ್ಲಿ ಖಾತೆಗೆ ಹಾಕುವುದಾದರೆ ಬ್ಯಾಂಕಿಗೆ ಪಟ್ಟಿ ಕಳಿಸಿದ ದಿನ ಬಟವಾಡೆ ಆಗಿಲ್ಲ, ಖಾತೆಗೆ ಜಮಾ ಆದ ದಿನ ಆಯಿತು. ಬರೆಯುವಾಗ ‘38 ಜನರ ಕೂಲಿ ಬಟವಾಡೆ ಆಗಿದೆ, 4 ಜನರದ್ದು ಬಾಕಿ’ ಅಂತ ಬರೆದು, ಆ ನಾಲ್ಕು ಹೆಸರನ್ನೂ ಕೆಳಗೇ ಬರೆಯಿರಿ.