ಓಟ ನಿಂತರೆ ದೇಣಿಗೆ ವಾಪಸ್ ಕೊಡಬೇಕಾ?

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು 38. ಜನವರಿಯ ಮುಂಬಯಿ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ತಂಗಿಯ ಮಗನಿಗೆ ರಕ್ತದ ಕ್ಯಾನ್ಸರ್ ಆಗಿ ಊರು ಬಿಟ್ಟು ಹೋದಾಗ ಏಳು ತಿಂಗಳು ತಾಯಿ-ಮಗುವಿಗೆ ಇರಲು ಜಾಗ ಕೊಟ್ಟ ಸಂಸ್ಥೆಗಾಗಿ ಒಂದು ಲಕ್ಷ ಕೂಡಿಸಬೇಕೆಂದು ಹೊರಟೆ. ಎರಡು ತಿಂಗಳಲ್ಲಿ ಆಗಿದ್ದು 31,500. ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ 140 ಜನ ಇದ್ದಾರೆ, ಕೊಟ್ಟವರು ಆರೇ ಜನ. ‘ನಿನ್ನ ಮುಂಬಯಿ ಟ್ರಿಪ್ಪಿಗೆ ನಾವ್ಯಾಕೆ ದುಡ್ಡು ಕೊಡಬೇಕು’ ಅಂತ ದೊಡ್ಡಮ್ಮನ ಮಗ ಅಲ್ಲೇ ಬರೆದ. ಹೋದ ಭಾನುವಾರ ಗಾಜನೂರು ಡ್ಯಾಮಿನವರೆಗೆ ಓಡಿ ವಾಪಸ್ ಬರುವಾಗ ಮಂಡಿಯ ಹೊರಬದಿ ಹಿಡಿದುಕೊಂಡು ಅರ್ಧ ದಾರಿಯಿಂದ ಆಟೋದಲ್ಲಿ ಬಂದೆ. ಮೂರು ವಾರ ಓಡಲೇಬಾರದು ಎಂದಿದ್ದಾರೆ ಡಾಕ್ಟರು. ಉಳಿದಿರುವುದು ಒಂಬತ್ತು ವಾರ. ಓಡಲು ಆಗದೇ ಹೋದರೆ ಕೊಟ್ಟವರಿಗೆಲ್ಲ ಹಣ ಹಿಂದಿರುಗಿಸಬೇಕಾ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಬೇಡ ತಂಗಿ. ಅವರು ದುಡ್ಡು ಕೊಟ್ಟಿದ್ದು ಆಸ್ಪತ್ರೆಗೆ ಅಲೆಯುವ ಮಕ್ಕಳ ಮನೆಯವರು ತಲೆಮೇಲೊಂದು ಸೂರಿನಡಿ ಮಲಗಲಿ ಎಂದು. ನಿಮ್ಮ ಮಂಡಿಗೂ ಆ ಸೂರಿಗೂ ಸಂಬಂಧವಿಲ್ಲ.

ಕೆನಡಾದ ಟೆರ್ರಿ ಫಾಕ್ಸ್ ಎಂಬ ಹುಡುಗನ ವಿಷಯ ನಿಮಗೆ ಹೇಳಲೇಬೇಕು. ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡವನು, ಕೃತಕ ಕಾಲು ಕಟ್ಟಿಕೊಂಡು 1980ರ ಏಪ್ರಿಲ್‌ನಲ್ಲಿ ದೇಶದ ಪೂರ್ವ ತುದಿಯಿಂದ ಓಡಲು ಹೊರಟ. ಕ್ಯಾನ್ಸರ್ ಸಂಶೋಧನೆಗಾಗಿ ಹಣ ಎತ್ತುವುದು ಉದ್ದೇಶ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ದೂರ. 143 ದಿನ, 5,373 ಕಿಲೋಮೀಟರ್ ಆದಮೇಲೆ ರೋಗ ಶ್ವಾಸಕೋಶಕ್ಕೆ ಹಬ್ಬಿತು. ಸೆಪ್ಟೆಂಬರ್ 1ರಂದು ಥಂಡರ್ ಬೇ ಊರಿನ ಬಳಿ ಓಟ ನಿಂತಿತು. ಹಣ ಬರುವುದು ಮಾತ್ರ ನಿಲ್ಲಲಿಲ್ಲ. ದೇಶದ ಒಬ್ಬೊಬ್ಬರಿಂದಲೂ ಒಂದೊಂದು ಡಾಲರ್ ಎಂಬುದು ಅವನ ಆಸೆಯಾಗಿತ್ತು. ಮಾರನೇ ವರ್ಷದ ಫೆಬ್ರವರಿಗೆ ಮೊತ್ತ 2 ಕೋಟಿ 40 ಲಕ್ಷ ಡಾಲರ್ ದಾಟಿತು, ಅಂದರೆ ಆಗಿನ ಜನಸಂಖ್ಯೆಗೆ ಸರಿಯಾಗಿ. ಜೂನ್‌ನಲ್ಲಿ ಅವನು ತೀರಿಕೊಂಡ. ಅರ್ಧಕ್ಕೆ ನಿಂತ ಓಟಕ್ಕೆ ಜನ ಬೆನ್ನು ತಿರುಗಿಸುತ್ತಾರೆ ಎಂಬ ನಿಮ್ಮ ಹೆದರಿಕೆಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆದರೆ ವಿಷಯ ಮುಚ್ಚಿಡಬೇಡಿ. ಇವತ್ತೇ ಕೊಟ್ಟವರಿಗೆ ಬರೆಯಿರಿ: ‘ಮಂಡಿಗೆ ಪೆಟ್ಟಾಗಿದೆ, ಮೂರು ವಾರ ಓಡುತ್ತಿಲ್ಲ. ಜನವರಿಯಲ್ಲಿ ಓಡುತ್ತೇನೋ ಇಲ್ಲವೋ ಡಿಸೆಂಬರ್ ಕೊನೆಗೆ ತಿಳಿಸುತ್ತೇನೆ. ನೀವು ಕೊಟ್ಟ ಹಣ ಸಂಸ್ಥೆಗೆ ತಲುಪಿದೆ.’ ಇಷ್ಟು ಸಾಕು. ಬೇರೆಯವರ ಬಾಯಿಂದ ತಿಳಿಯುವ ಮೊದಲು ನಿಮ್ಮಿಂದ ತಿಳಿಯಲಿ. ಯಾರಾದರೂ ವಾಪಸ್ ಕೇಳಿದರೆ ವಾದಕ್ಕಿಳಿಯದೆ ನಿಮ್ಮ ಕೈಯಿಂದ ಕೊಟ್ಟುಬಿಡಿ. ಕೇಳುವವರು ಇರಲಾರರು.

ಇನ್ನು ದೊಡ್ಡಮ್ಮನ ಮಗ. ಅವನ ಮಾತು ಚುಚ್ಚಿದೆ, ಪತ್ರದಲ್ಲಿ ಕಾಣುತ್ತಿದೆ. ಆದರೂ ಅದು ನ್ಯಾಯವಾದ ಪ್ರಶ್ನೆ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ 29 ವರ್ಷ ಕೂತವಳು ನಾನು; ದುಡ್ಡು ಕೊಡುವವರಿಗೆ ಲೆಕ್ಕ ಕೇಳುವ ಹಕ್ಕಿದೆ ಎಂದು ನಂಬಿದವಳು. ಅದೇ ಗ್ರೂಪಿನಲ್ಲಿ ಬರೆಯಿರಿ: ಪ್ರವೇಶ ಶುಲ್ಕ, ರೈಲಿನ ಟಿಕೆಟ್, ಶೂ, ಉಳಿಯುವ ಖರ್ಚು ಎಲ್ಲ ನನ್ನ ಸಂಬಳದ್ದು, ನೀವು ಕೊಟ್ಟದ್ದರಲ್ಲಿ ಒಂದು ರೂಪಾಯಿಯೂ ನನ್ನ ಕೈಗೆ ಬರುವುದಿಲ್ಲ. ಮುಂಬಯಿ ಮ್ಯಾರಥಾನ್‌ನಲ್ಲಿ ಯುನೈಟೆಡ್ ವೇ ಮುಂಬಯಿ ಎಂಬ ಸೇವಾಸಂಸ್ಥೆಯ ಮೂಲಕ ನೋಂದಾಯಿಸಿಕೊಂಡ ಸಂಸ್ಥೆಗಳಿಗೆ ಹಣ ಹೋಗುವ ವ್ಯವಸ್ಥೆ ಇದೆ. ನಿಮ್ಮ ಸಂಸ್ಥೆ ಅದರಲ್ಲಿದ್ದರೆ ಆ ಲಿಂಕನ್ನೇ ಕೊಡಿ, ಇಲ್ಲದಿದ್ದರೆ ಸಂಸ್ಥೆಯ ಸ್ವಂತ ಖಾತೆ. ನಿಮ್ಮ ಫೋನ್‌ಪೇಗೆ ಮಾತ್ರ ಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2014ರಲ್ಲಿ ನಾನು ಇದೇ ಓಟಕ್ಕೆ ಹೊರಟಾಗ ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆಂದು ಹಣ ಎತ್ತಿದೆ. ಕೊಟ್ಟ ನೋಟುಗಳನ್ನೆಲ್ಲ ಕೈಚೀಲದ ಒಂದೇ ಖಾನೆಯಲ್ಲಿ ಹಾಕುತ್ತಿದ್ದೆ. ಅದೇ ಖಾನೆಯಿಂದ ಒಂದು ದಿನ ಹಾಲಿಗೂ ಕೊಟ್ಟೆ, ಆಮೇಲೆ ಹಾಕಿದರಾಯಿತು ಎಂದು. ಕೊನೆಗೆ ಎಣಿಸಿದಾಗ 1,500 ರೂಪಾಯಿ ಕಮ್ಮಿ. ನನ್ನ ಕೈಯಿಂದ ತುಂಬಿದೆ, ನಿಜ. ಆದರೆ ಬಡಾವಣೆಯ ಸಭೆಯಲ್ಲಿ ಹಿರಿಯರೊಬ್ಬರು ‘ಒಟ್ಟು ಎಷ್ಟಾಯಿತಮ್ಮ’ ಎಂದಾಗ ಬಾಯಿಂದ ಅಂಕಿ ಥಟ್ಟನೆ ಹೊರಡಲಿಲ್ಲ. ಕ್ಯಾಷಿಯರ್ ಆಗಿದ್ದವಳಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಡ. ಮಾರನೇ ದಿನ 40 ಪುಟದ ನೋಟ್‌ಬುಕ್ ತಂದು ತಾರೀಕು, ಹೆಸರು, ಮೊತ್ತ, ಸಹಿ ಎಂದು ಗೆರೆ ಹೊಡೆದೆ.

ಆ ಪುಸ್ತಕ ಹಿಡಿದು ಮೊದಲು ಹೋಗಿದ್ದು ದೇವಸ್ಥಾನದ ಮುಂದೆ ಹೂ ಕಟ್ಟುವ ಹೆಂಗಸಿನ ಹತ್ತಿರ. ಅವಳನ್ನು ಕೇಳುವ ಉದ್ದೇಶವೇ ನನಗಿರಲಿಲ್ಲ, ಮಲ್ಲಿಗೆ ಕೊಳ್ಳಲು ಹೋಗಿದ್ದೆ. ಏನು ಪುಸ್ತಕ ಎಂದು ಕೇಳಿದಳು, ಹೇಳಿದೆ. ಸೊಂಟದ ಚೀಲ ಬಿಚ್ಚಿ ಐದರ ನಾಲ್ಕು ನಾಣ್ಯ ತೆಗೆದಳು. ನಾನು ‘ಇರಲಿ ಬಿಡಮ್ಮ’ ಎಂದದ್ದಕ್ಕೆ ಸಿಟ್ಟು ಬಂತು. ‘ನನ್ನ ಮಗಳೂ ಅದೇ ಸ್ಕೂಲು. ಬರಿ’ ಎಂದಳು. ಬರೆದು ಮುಗಿಯುವವರೆಗೆ ಕೈಯ ದಾರ ಕೆಳಗಿಟ್ಟು ನೋಡುತ್ತಲೇ ಇದ್ದಳು. ಒದ್ದೆ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು ಸಹಿ ಮಾಡಿದಳು. ಕೊಡುವ ಶಕ್ತಿ ಇವರಿಗೆ ಇಲ್ಲ ಎಂದು ನಾವೇ ತೀರ್ಮಾನಿಸಿ ಕೇಳದೆ ಇರುವುದು ಎಂಥ ಅಗೌರವ ಎಂದು ಅವತ್ತು ಗೊತ್ತಾಯಿತು.

ಗ್ರೂಪಿನಲ್ಲಿ ಕೇಳಿದರೆ ಯಾರನ್ನೂ ಕೇಳಿದ ಹಾಗಲ್ಲ. 140 ಜನರಲ್ಲಿ ಪ್ರತಿಯೊಬ್ಬರೂ ಉಳಿದ 139 ಜನ ಕೊಡುತ್ತಾರೆ ಅಂದುಕೊಂಡಿರುತ್ತಾರೆ. ದಿನಕ್ಕೆ ಮೂರು ಫೋನ್ ಮಾಡಿ, ಹತ್ತಿರದವರಾದರೆ ಮನೆಗೇ ಹೋಗಿ. ಒಂದು ಕುಟುಂಬ ಒಂದು ವಾರ ಉಳಿಯಲು ಎಷ್ಟು ಖರ್ಚು ಎಂದು ಸಂಸ್ಥೆಯವರನ್ನೇ ಕೇಳಿಕೊಂಡು, ಆ ಮೊತ್ತವನ್ನು ಬಾಯಿಬಿಟ್ಟು ಕೇಳಿ. ‘ಎಷ್ಟಾದರೂ ಸರಿ’ ಎಂದರೆ ಕೊಡುವವರು ಗೊಂದಲಕ್ಕೆ ಬೀಳುತ್ತಾರೆ. ನಿಮ್ಮ ತಂಗಿ ಒಪ್ಪಿದರೆ ಅವರನ್ನೂ ಕರೆದುಕೊಂಡು ಹೋಗಿ. ಆ ಏಳು ತಿಂಗಳು ಹೇಗಿತ್ತು ಎಂದು ಅವರೇ ಹೇಳಲಿ. ಒಂದು ಎಚ್ಚರಿಕೆ: ನಿಮ್ಮ ಶಾಲೆಯ ಮಕ್ಕಳ ಹತ್ತಿರ, ಅವರ ಅಪ್ಪ-ಅಮ್ಮನ ಹತ್ತಿರ ಕೇಳಬೇಡಿ. ಟೀಚರ್ ಕೇಳಿದರೆ ಇಲ್ಲ ಎನ್ನಲು ಅವರಿಗೆ ಆಗುವುದಿಲ್ಲ.

ತೆರಿಗೆ ವಿಷಯವನ್ನೂ ಸರಿಯಾಗಿ ಹೇಳಿ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ, ನಾವೆಲ್ಲ 80ಜಿ ಎನ್ನುವ ರಿಯಾಯಿತಿ, ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟರೆ ಮಾತ್ರ. ನಗದಾದರೆ 2,000 ರೂಪಾಯಿ ಮೀರುವಂತಿಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಅದು ಸಿಗುವುದೂ ಇಲ್ಲ. ಸಿಗುತ್ತದೆ ಎಂದು ಸುಮ್ಮನೆ ಆಸೆ ಹುಟ್ಟಿಸಬೇಡಿ.

ಮಂಡಿಯ ಬಗ್ಗೆ ಡಾಕ್ಟರ ಮಾತೇ ಮಾತು. ಮೂರು ವಾರ ಅಂದರೆ ಮೂರು ವಾರ. ಎರಡನೇ ವಾರ ನೋವು ಕಮ್ಮಿಯಾಯಿತೆಂದು ಮತ್ತೆ ಗಾಜನೂರಿಗೆ ಹೊರಡಬೇಡಿ. ಆಮೇಲೂ ಚಿಕ್ಕ ದೂರದಿಂದ ಶುರುಮಾಡಿ. ಓಟದ ದಿನಕ್ಕೆ 42.195 ಕಿಲೋಮೀಟರಿಗೆ ದೇಹ ಸಿದ್ಧವಿಲ್ಲ ಅನ್ನಿಸಿದರೆ ದೇಣಿಗೆ ಕೊಟ್ಟವರ ದಾಕ್ಷಿಣ್ಯಕ್ಕೆ ಓಡಬೇಡಿ. ಅವರ ಋಣ ತೀರುವುದು ಲೆಕ್ಕ ಒಪ್ಪಿಸಿದಾಗ.

ಈ ಮೂರು ವಾರದ ಬೆಳಗಿನ ಹೊತ್ತು ನಿಮಗೆ ಖಾಲಿ ಸಿಕ್ಕಿದೆ, ಫೋನ್ ಹಿಡಿದು ಕೂರಿ. ನನ್ನ ಹೆಸರಿಗೆ 1,001 ಬರೆದುಕೊಂಡು ಸಂಸ್ಥೆಯ ಲಿಂಕನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ರಸೀದಿ ನನಗೂ ಬೇಕು.