ಬೇಸರ ತಂದ ಬೈಕ್ ಮಾರಿ ಹಳೆಯ 636 ಕೊಳ್ಳುವ ಮೊದಲು

ನಿಮ್ಮ ಪ್ರಶ್ನೆ ಇಷ್ಟು: ಎರಡು ವರ್ಷದ ಹಿಂದೆ ಹೊಸದಾಗಿ ಕೊಂಡ ಒಂಟಿ ಸಿಲಿಂಡರಿನ ಬೈಕ್ ನೂರರ ವೇಗಕ್ಕೆ ಹೋದರೆ ಅಂಗೈ ಜುಮ್ಮೆನ್ನುವಷ್ಟು ನಡುಗುತ್ತದೆ, ಓಡಿಸುವ ಆಸೆಯೇ ಹೋಗಿದೆ. ಅದನ್ನು ಮಾರಿ, 8 ಲಕ್ಷಕ್ಕೆ ಸಿಗುತ್ತಿರುವ 2019ರ ಕವಾಸಕಿ ನಿಂಜಾ ಝಡ್‌ಎಕ್ಸ್-6ಆರ್, ಅಂದರೆ 636 ಸಿಸಿಯ ಬೈಕ್, ಕೊಳ್ಳಬಹುದೇ? ದಿನವೂ ಕಚೇರಿಗೆ ಹದಿನಾಲ್ಕು ಕಿಲೋಮೀಟರ್, ಬೆಂಗಳೂರಿನೊಳಗೇ.

ಇದೇ ಅದಲುಬದಲನ್ನು ನಾನು 2022ರಲ್ಲಿ ಮಾಡಿದ್ದೇನೆ, ಅದೇ ಮಾದರಿಯ, ಅದೇ ವರ್ಷದ ಬೈಕಿಗೆ. ಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಯಾವ ಕಾರಣ ಹೇಳಿಕೊಂಡು ಕೊಂಡೆನೋ ಅದು ಸುಳ್ಳು ಎಂದು ಆರು ತಿಂಗಳಲ್ಲಿ ಗೊತ್ತಾಯಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ನನ್ನ ಹಳೆಯ ಬೈಕಿನ ಕಂಪನಿಯ ಹೆಸರು ಬೇಡ. ಬಿಸಿಯಾದರೆ ಸಿಗ್ನಲ್‌ನಲ್ಲಿ ಆಫ್ ಆಗುತ್ತಿತ್ತು. ನ್ಯೂಟ್ರಲ್ ಹುಡುಕುವುದೇ ಒಂದು ಉದ್ಯೋಗ. ಸರ್ವಿಸ್ ಸೆಂಟರಿನವರು ಮೂರು ಸಲ ಇಟ್ಟುಕೊಂಡು, ಮೂರು ಸಲವೂ ತೊಳೆದು ಕೊಟ್ಟರು. ಬೈಕ್ ಫಳಫಳ ಹೊಳೆಯುತ್ತಾ ಮತ್ತೆ ಅದೇ ಸಿಗ್ನಲ್‌ನಲ್ಲಿ ನಿಂತಿತು. ಇದಕ್ಕೆಲ್ಲ ಮದ್ದು ಹೆಚ್ಚು ಶಕ್ತಿಯ ಬೈಕ್ ಎಂದು ಅದು ಹೇಗೆ ತೀರ್ಮಾನಿಸಿದೆನೋ! ನಡುಗುವ, ನಿಲ್ಲುವ ಬೈಕಿನ ದೋಷಕ್ಕೂ ಅಶ್ವಶಕ್ತಿಗೂ ಏನು ಸಂಬಂಧ? ಹಲ್ಲು ನೋವಿಗೆ ಕನ್ನಡಕ ಮಾಡಿಸಿದ ಹಾಗೆ. ನಿಮ್ಮ ದೂರನ್ನೂ ಒಮ್ಮೆ ಹಾಗೆ ಓದಿಕೊಳ್ಳಿ. ನೀವು ಬರೆದಿರುವುದು ನಡುಕದ ಬಗ್ಗೆ. ಬೈಕ್ ನಿಧಾನ ಎಂದು ಎಲ್ಲೂ ಬರೆದಿಲ್ಲ.

ಈಗ 636ರ ವಿಷಯ. ಕವಾಸಕಿ 2013ರಲ್ಲಿ 599 ಸಿಸಿಯ ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 67 ಮಿಲಿಮೀಟರಿನಷ್ಟೇ ಇಟ್ಟು, ಸ್ಟ್ರೋಕನ್ನು (ಪಿಸ್ಟನ್ ಚಲಿಸುವ ದೂರ) 42.5ರಿಂದ 45.1ಕ್ಕೆ ಹಿಗ್ಗಿಸಿತು. ಹೆಚ್ಚಿದ 37 ಸಿಸಿ ರಸ್ತೆಯ ಸವಾರನಿಗೆಂದೇ ಕೊಟ್ಟದ್ದು. ನಾಲ್ಕು ಸಿಲಿಂಡರಿನ 600 ಸಿಸಿ ರೇಸಿಗೆ ಅದು ಆಗ ನಿಯಮದ ಆಚೆಗಿತ್ತು. ಭಾರತಕ್ಕೆ ಇದು ಬಂದದ್ದು 2019ರ ಜನವರಿಯಲ್ಲಿ, 10.49 ಲಕ್ಷ ಎಕ್ಸ್ ಶೋರೂಮ್ ಬೆಲೆಗೆ. ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಾಗ ಮರೆಯಾಗಿ, 2024ರ ಜನವರಿಯಲ್ಲಿ 11.09 ಲಕ್ಷಕ್ಕೆ ಮರಳಿತು. ಹಾಗಾಗಿ ನಮ್ಮಲ್ಲಿ ಸಿಗುವ ಹಳೆಯವು ಹೆಚ್ಚಾಗಿ ಆ ಮೊದಲ ಒಂದೂಕಾಲು ವರ್ಷದಲ್ಲಿ ಮಾರಾಟವಾದವೇ. ಆಯ್ಕೆ ಕಡಿಮೆ, ಕಡಿಮೆ ಇದ್ದಾಗ ಅವಸರ ಹೆಚ್ಚು.

ಶಕ್ತಿ 130 ಪಿಎಸ್ (ಅಶ್ವಶಕ್ತಿಯ ಅಳತೆ). ಅದು ಸಿಗುವುದು 13,500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಸುಮಾರು 70 ನ್ಯೂಟನ್ ಮೀಟರ್, ಅದೂ 11,000ಕ್ಕೆ. ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡು ನೋಡಿ. ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಇರುವ ವೇಗಮಿತಿ 80. ಆ 80 ಈ ಬೈಕಿನ ಮೊದಲ ಗೇರಿನಲ್ಲೇ ಮುಗಿಯುತ್ತದೆ. ಇನ್ನೂ ಐದು ಗೇರು ಬಾಕಿ ಇರುತ್ತವೆ. ನಗರದಲ್ಲಿ 4,000 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸುವಾಗ ಅದು ಸಾಧು ಹಸು. ಆರನೇ ಗೇರಿನಲ್ಲಿ 60ರಲ್ಲಿದ್ದು ಲಾರಿ ಹಿಂದಿಕ್ಕಲು ಆಕ್ಸಿಲರೇಟರಿನ ಕಿವಿ ತಿರುಪಿದರೆ, ನಿಮ್ಮ ಗೆಳೆಯನ ಎರಡು ಸಿಲಿಂಡರಿನ 650 ಟ್ವಿನ್ ಮೊದಲು ಹೋಗುತ್ತದೆ. ಅದೇ ಕಂಪನಿಯ ನಿಂಜಾ 650ರ ಶಕ್ತಿ 68 ಪಿಎಸ್ ಮಾತ್ರ, ಆದರೆ ಅದರ ಟಾರ್ಕ್ 6,500ರ ಸುಮಾರಿಗೇ ತುಂಬಿ ಬರುತ್ತದೆ.

ಹಾಗಿದ್ದರೆ ನಾನೇಕೆ ಮಾರಿಲ್ಲ? ಮೊದಲ ವಾರ ತುಮಕೂರು ರಸ್ತೆಯಲ್ಲಿ ಬೆಳಗಿನ ಜಾವ ಹೊರಟಿದ್ದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನೆಪ. ಡಾಬಸ್‌ಪೇಟೆ ದಾಟಿದ ಮೇಲೆ ಒಂದು ನಾಯಿ ರಸ್ತೆಗೆ ಬಂತು. ಬ್ರೇಕ್ ಹಿಡಿದೆ. ಎರಡು ಬೆರಳು, ಅಷ್ಟೇ. ಬೈಕ್ ಮುಂದಕ್ಕೆ ಮುಗ್ಗರಿಸಲಿಲ್ಲ, ಹಿಂದಿನ ಚಕ್ರ ಅಡ್ಡ ತಿರುಗಲಿಲ್ಲ, ಹಗ್ಗ ಹಿಡಿದು ಜಗ್ಗಿದಂತೆ ನಿಂತಿತು. ನಾಯಿ ನನ್ನನ್ನು ನೋಡಿ ಆಕಳಿಸಿ ಹೋಯಿತು. ಹಳೆಯ ಬೈಕಿನಲ್ಲಿ ನನಗೆ ಇಲ್ಲದಿದ್ದದ್ದು ಇದು: ಹೇಳಿದ ಮಾತು ಕೇಳುವ ಯಂತ್ರ. ಬ್ರೇಕು, ಸಸ್ಪೆನ್ಷನ್, ಸಕ್ಕರೆ ಪಾಕದಂತೆ ಹರಿಯುವ ನಾಲ್ಕು ಸಿಲಿಂಡರು. ಮೂರು ವರ್ಷಗಳಲ್ಲಿ 130ರಲ್ಲಿ ಅರ್ಧದಷ್ಟು ಶಕ್ತಿಯನ್ನೂ ರಸ್ತೆಯಲ್ಲಿ ಬಳಸಿಲ್ಲ. ಪೂರ್ತಿ ಬಳಸಿದ್ದು ಒಂದೇ ಕಡೆ, ಚೆನ್ನೈ ಬಳಿಯ ಇರುಂಗಾಟುಕೋಟ್ಟೈ ಟ್ರ್ಯಾಕಿನಲ್ಲಿ. 3.7 ಕಿಲೋಮೀಟರಿನ ಆ ಸುತ್ತಿನಲ್ಲಿ ನನ್ನನ್ನು ಹಿಂದಿಕ್ಕಿದವರಲ್ಲಿ ಒಬ್ಬ 300 ಸಿಸಿ ಬೈಕಿನ ಹುಡುಗನೂ ಇದ್ದ. ತಿರುವಿನ ಒಳಗಿನಿಂದ ಬಂದು, ನನ್ನ ಮೊಣಕೈ ಪಕ್ಕದಲ್ಲೇ ಹೋದ.

ದಿನದ ಕಚೇರಿಗೆ ಇದು ಬೇಡವೇ ಬೇಡ. ಸಿಲ್ಕ್ ಬೋರ್ಡಿನಲ್ಲಿ ಹತ್ತು ನಿಮಿಷ ನಿಂತರೆ ಫ್ಯಾನ್ ತಿರುಗಿ, ಆ ಬಿಸಿಗಾಳಿ ನೇರ ತೊಡೆಗೆ ಬರುತ್ತದೆ. ನಮ್ಮ ಬಡಾವಣೆಯ ಅವೈಜ್ಞಾನಿಕ ರಸ್ತೆ ಉಬ್ಬುಗಳನ್ನು ಅಡ್ಡಡ್ಡ ಹತ್ತಿಸಬೇಕು, ಇಲ್ಲದಿದ್ದರೆ ಹೊಟ್ಟೆ ಉಜ್ಜುತ್ತದೆ. ಮಣಿಕಟ್ಟಿನ ನೋವು ಬೇರೆ. ಹಿಂದಿನ ಸೀಟು ಹಪ್ಪಳದಷ್ಟು. ಹೆಂಡತಿ ಒಮ್ಮೆ ಕುಳಿತಳು, ಇಳಿದ ಮೇಲೆ ಮಾತಾಡಲಿಲ್ಲ. ಅಮ್ಮ ಮಾತ್ರ ಮೊದಲ ದಿನವೇ ಹೇಳಿಬಿಟ್ಟಿದ್ದರು: "ಎಂಟು ಲಕ್ಷ ಕೊಟ್ಟು ಒಲೆ ಊದುವವರ ಹಾಗೆ ಬಗ್ಗಿ ಕೂರಬೇಕೇನೋ?" ನಾನು ಕಚೇರಿಗೆ ಹೋಗುವುದು ಹಳೆಯ ಸ್ಕೂಟರಿನಲ್ಲಿ. ನಿಮ್ಮ ಮನೆಯಲ್ಲಿ ಎರಡನೆಯ ವಾಹನವಿಲ್ಲದಿದ್ದರೆ ನಿಂಜಾ 650 ನೋಡಿ, ಮಾತು ಅಲ್ಲಿಗೆ ಮುಗಿಯಿತು. ಮೈಸೂರು ಎಕ್ಸ್‌ಪ್ರೆಸ್ ವೇಯಲ್ಲಿ ಓಡಿಸುವ ಕನಸಿದ್ದರೆ, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಿಗೆ ಬೈಕುಗಳನ್ನು ಬಿಡುತ್ತಿಲ್ಲ. ಸರ್ವಿಸ್ ರಸ್ತೆಯೇ ಗತಿ.

ಇಷ್ಟಾದರೂ 636 ಬೇಕು ಎನ್ನುವಿರಾದರೆ, ನೋಡಲು ಹೋಗುವಾಗ ಏನು ನೋಡಬೇಕು ಎಂದು ಹೇಳುತ್ತೇನೆ. ನಾನು ಮೊದಲು ನೋಡಿದ ಬೈಕ್ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿತ್ತು. ಹಸಿರು ಬಣ್ಣ, ಕನ್ನಡಿಯಂತೆ ಹೊಳೆಯುತ್ತಿತ್ತು. "ಬರುವ ಮೊದಲು ಸ್ಟಾರ್ಟ್ ಮಾಡಬೇಡಿ" ಎಂದು ಫೋನಿನಲ್ಲಿ ಹೇಳಿದ್ದೆ. ಎಂಜಿನ್ ಕವಚದ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗ ಮಾಡುವ ಸದ್ದೇ ಅದರ ಜಾತಕ. ಅದನ್ನು ಕೇಳಿಸಬಾರದು ಎಂದು ಯಾರೋ ನಿರ್ಧರಿಸಿದ್ದರು. ಆಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಅದು ಚಾಸಿಗೆ ಬಂದು ತಗಲುವ ಜಾಗಕ್ಕೆ ಮೊಬೈಲ್ ಬೆಳಕು ಬಿಟ್ಟೆ. ಎರಡೂ ಕಡೆ ಜಜ್ಜಿದ ಗುರುತು. "ಪಾರ್ಕಿಂಗಿನಲ್ಲಿ ಒಮ್ಮೆ ಬಿದ್ದಿತ್ತು ಸರ್, ಅಷ್ಟೇ" ಎಂದರು. ನಿಂತ ಬೈಕ್ ಒಂದೇ ಪಕ್ಕಕ್ಕೆ ಬೀಳುತ್ತದೆ. ಹ್ಯಾಂಡಲ್ ಎರಡೂ ಕಡೆಗೆ ಬಡಿದು ಲೋಹ ಜಜ್ಜಬೇಕಾದರೆ ಅದು ಓಡುತ್ತಿರುವಾಗಲೇ ಬಿದ್ದಿರಬೇಕು. ಹಾಗೆ ಯೋಚಿಸಿ, ಚಹಾ ಕುಡಿದು ಎದ್ದು ಬಂದೆ.

ಎರಡನೆಯದು ಒಬ್ಬ ದಂತವೈದ್ಯರದ್ದು. ಕ್ಲಚ್ ಲಿವರಿನ ತುದಿ ಸ್ವಲ್ಪ ತರಚಿತ್ತು, ಅದನ್ನು ನಾನು ಕೇಳುವ ಮೊದಲೇ ತೋರಿಸಿದರು. ಜೊತೆಗೆ ಇನ್ನೂರು ಪುಟದ ಒಂದು ನೋಟ್ ಪುಸ್ತಕ ತಂದರು. ಪ್ರತಿ ಬಾರಿ ಪೆಟ್ರೋಲ್ ಹಾಕಿಸಿದ ದಿನ, ಲೀಟರು, ಮೀಟರಿನ ಅಂಕಿ, ಚೈನಿಗೆ ಎಣ್ಣೆ ಬಿಟ್ಟ ತಾರೀಖು, ಎಲ್ಲವೂ ರೋಗಿಗಳ ಚೀಟಿ ಬರೆಯುವ ಅದೇ ಅಕ್ಷರದಲ್ಲಿ, ಅರ್ಧ ಓದಲಾಗಲಿಲ್ಲ. ಓದಲಾದ ಅರ್ಧಕ್ಕೇ ಬೆಲೆ ಚೌಕಾಸಿ ಮಾಡುವುದನ್ನು ಬಿಟ್ಟೆ. 11,000 ಕಿಲೋಮೀಟರ್ ಓಡಿತ್ತು, 8 ಲಕ್ಷ 40 ಸಾವಿರ ಕೊಟ್ಟೆ.

ಇನ್ನು ಟೈರು. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 4718 ಎಂದರೆ 2018ರ 47ನೇ ವಾರ. ಟೈರಿನ ಮೇಲಿನ ಗೀರು ಎಷ್ಟೇ ಉಳಿದಿರಲಿ, ಹಳೆಯ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಸಾಬೂನಿನಂತಾಗುತ್ತದೆ. ಅಳತೆ ಮುಂದೆ 120/70, ಹಿಂದೆ 180/55. ನಾನು ಕೊಂಡ ಮೂರೇ ತಿಂಗಳಿಗೆ ಜೋಡಿ ಬದಲಿಸಿದೆ, ಮೂವತ್ತು ಸಾವಿರ ದಾಟಿತು. ಮೀಟರಿಗೂ ಟೈರಿಗೂ ತಾಳೆ ಹಾಕಿ. ಒಂಬತ್ತು ಸಾವಿರ ಓಡಿದೆ ಎನ್ನುವ ಬೈಕಿಗೆ ಮೂರನೇ ಜೋಡಿ ಟೈರು ಬಂದಿದ್ದರೆ ಮೀಟರಿನ ಅಂಕಿ ಸುಳ್ಳಿರಬಹುದು.

ಕಾಗದಪತ್ರದ ಗೋಳು ಚುಟುಕಾಗಿ. ಚಾಸಿ ಮತ್ತು ಎಂಜಿನ್ ಸಂಖ್ಯೆ ಆರ್‌ಸಿಗೆ ಹೊಂದಬೇಕು. ಸಾಲವಿದ್ದರೆ ತೀರಿಸಿ, ಸಾಲದ ನಮೂದನ್ನು ಆರ್‌ಸಿಯಿಂದ ತೆಗೆಸುವ ಫಾರ್ಮ್ 35 ಕೊಡಿಸಿಕೊಳ್ಳಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಬೇರೆ ರಾಜ್ಯದ ನೋಂದಣಿಯದ್ದು ಎಷ್ಟೇ ಅಗ್ಗವಿರಲಿ ಮುಟ್ಟಬೇಡಿ, ಹನ್ನೆರಡು ತಿಂಗಳು ದಾಟಿದರೆ ಇಲ್ಲಿ ಮರುನೋಂದಣಿ ಮಾಡಿಸಿ ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲೊಂದು ಲಾಭವಿದೆ, ಬಹಳ ಜನ ಬಿಟ್ಟುಬಿಡುತ್ತಾರೆ: ನೋ ಕ್ಲೇಮ್ ಬೋನಸ್, ಅಂದರೆ ವಿಮೆಯಿಂದ ಪರಿಹಾರ ಕೇಳದಿದ್ದವರಿಗೆ ಸಿಗುವ ರಿಯಾಯಿತಿ, ಬೈಕಿನದ್ದಲ್ಲ, ಮಾಲೀಕನದ್ದು. ನಿಮ್ಮ ಹಳೆಯ ಬೈಕ್ ಮಾರುವಾಗ ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ, ಈ ಬೈಕಿನ ವಿಮೆಗೆ ಅದು ನಡೆಯುತ್ತದೆ.

ಹಳೆಯ ಬೈಕ್ ಮಾರುವಾಗ ನಾನು ಕೊಳ್ಳಲು ಬಂದ ಹುಡುಗನಿಗೆ ಎಲ್ಲವನ್ನೂ ಹೇಳಿದೆ, ಬಿಸಿಯಾದರೆ ನಿಲ್ಲುತ್ತದೆ ಎಂಬುದನ್ನೂ ಸೇರಿಸಿ. ಇಪ್ಪತ್ತು ಸಾವಿರ ಕಡಿಮೆ ಮಾಡಿಸಿದ. ಎರಡು ತಿಂಗಳ ಮೇಲೆ ಫೋನ್ ಮಾಡಿ, ಅವರ ಬೀದಿಯ ಮೆಕ್ಯಾನಿಕ್ ಟ್ಯಾಂಕಿನ ಕೆಳಗೆ ಸಡಿಲವಾಗಿದ್ದ ಒಂದು ವೈರಿನ ಕನೆಕ್ಟರ್ ಸರಿ ಮಾಡಿದನೆಂದೂ ಈಗ ಎಲ್ಲೂ ನಿಲ್ಲುತ್ತಿಲ್ಲವೆಂದೂ ಹೇಳಿದ. ಖರ್ಚು ಇನ್ನೂರು ರೂಪಾಯಿಯಂತೆ. ಸಂತೋಷವಾಯಿತು ಎಂದೆ. ಪೂರ್ತಿ ಸಂತೋಷವಾಗಿರಲಿಲ್ಲ. ನಿಮ್ಮ ಬೈಕನ್ನೂ ಮಾರುವ ಮೊದಲು ಸರ್ವಿಸ್ ಸೆಂಟರಿನ ಹೊರಗಿನ ಒಬ್ಬ ಒಳ್ಳೆಯ ಮೆಕ್ಯಾನಿಕ್‌ಗೆ ತೋರಿಸಿ. ಚೈನಿನ ಬಿಗಿ, ಎಂಜಿನ್ ಮೌಂಟಿನ ಬೋಲ್ಟು, ಹ್ಯಾಂಡಲ್ ತುದಿಯ ತೂಕದ ಗುಂಡು, ಇವುಗಳಲ್ಲಿ ಯಾವುದು ಸಡಿಲವಾದರೂ ನಡುಕ ಹೆಚ್ಚಿಸಬಲ್ಲದು.

ಅದಾದ ಮೇಲೂ ಬೇಡವೆನಿಸಿದರೆ ಆ 8 ಲಕ್ಷದವರಿಗೆ ಫೋನ್ ಮಾಡಿ. ಒಟ್ಟು ಖರ್ಚು 9 ಲಕ್ಷ ಎಂದು ಲೆಕ್ಕ ಹಾಕಿಕೊಳ್ಳಿ: ಟೈರು, ವಿಮೆ, ಚೈನ್ ಸ್ಪ್ರಾಕೆಟ್, ನಿಮ್ಮಲ್ಲಿ ಇಲ್ಲದಿದ್ದರೆ ಒಳ್ಳೆಯ ಜಾಕೆಟ್, ಕೈಗವಸು, ಬೂಟು. ಬೆಲೆ ಮಾತಾಡುವ ಮೊದಲು ಎರಡೂ ಟೈರಿನ ನಾಲ್ಕಂಕಿಯ ಫೋಟೋ ಕಳಿಸಲು ಹೇಳಿ. ಕಳಿಸಿದರೆ ಆ ಅಂಕಿಗಳನ್ನು ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ. ಕಳಿಸಲು ಕಾರಣ ಕೇಳಿದರೆ ಆ ಬೈಕನ್ನು ಅಲ್ಲಿಗೇ ಬಿಟ್ಟುಬಿಡಿ.