ಪಾನಾ ಮೇಲಿನ ಬಾಣ ನಿಧಿ ತೋರಿಸಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಮನೆಯಲ್ಲಿ ಹಳೆಯ ಮಿಲಿಟರಿ ಪಾನಾ (ಸ್ಪ್ಯಾನರ್) ಸಿಕ್ಕಿದೆ, ಮೇಲೆ ಬಾಣದ ಗುರುತಿದೆ, ಎಷ್ಟಕ್ಕೆ ಹೋಗುತ್ತೆ? ಕಳೆದ ವರ್ಷವೂ ಇದನ್ನೇ ಕೇಳಿದ್ದರು, ಅದರ ಹಿಂದಿನ ವರ್ಷವೂ ಇದೇ. ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಆಮೇಲೆ ಮತ್ತೆ ಬರೆಯಬೇಡಿ.

ಪ್ರಶ್ನೆ: ನಮ್ಮ ಮುತ್ಯಾನ ಟ್ರಂಕಿನಲ್ಲಿ 11 ಪಾನಾ, ಉಣ್ಣೆ ಬಟ್ಟೆ ಹೊಲಿದ ನೀಲಿ ನೀರಿನ ಬಾಟಲಿ, ಹಿತ್ತಾಳೆ ಕೊಂಡಿಯ ದಪ್ಪ ಪಟ್ಟಿಗಳು ಸಿಕ್ಕಿವೆ. ಪಾನಾಗಳ ಮೇಲೆ ಬಾಣದ ಗುರುತಿದೆ. ಇದು ನಿಜಾಮರ ಗುರುತು, ನಿಧಿಯ ದಿಕ್ಕು ತೋರಿಸುತ್ತೆ ಅಂತ ಒಬ್ಬರು ಹೇಳಿದರು. ಒಂದರ ಮೇಲೆ 1/4 ಡಬ್ಲ್ಯು ಅಂತ ಬರೆದಿದೆ, ಅಳೆದರೆ ಅರ್ಧ ಇಂಚಿಗಿಂತ ಜಾಸ್ತಿ ಬರುತ್ತೆ. ನಕಲಿನಾ? ಆಸಿಡ್‌ನಲ್ಲಿ ತೊಳೆದು ಮಾರಿದರೆ ಒಳ್ಳೆ ರೇಟು ಬರುತ್ತಾ?
— ಹುಮನಾಬಾದ್‌ನಿಂದ ಒಬ್ಬ ಓದುಗರು

ಉತ್ತರ: ಆ ನಿಧಿಯ ಮನುಷ್ಯನನ್ನು ಮೊದಲು ಮನೆಯಿಂದ ಆಚೆ ಕಳಿಸಿ. ಪಾನಾವನ್ನು ತಿರುಗಿಸಿದರೆ ಬಾಣವೂ ತಿರುಗುತ್ತೆ ಅಲ್ವಾ? ಹಾಗಾದರೆ ನಿಧಿ ಯಾವ ದಿಕ್ಕಿಗಿದೆ ಅಂತ ಅವರನ್ನೇ ಕೇಳಿ. ನಮ್ಮ ಭಾಗದಲ್ಲಿ ಹಳೆಯ ಗುರುತು ಕಂಡರೆ ಸಾಕು, ಹಾರೆ ಹಿಡಿದು ಯಾರದಾದರೂ ಹೊಲಕ್ಕೋ ಗುಡಿಗೋ ನುಗ್ಗುವವರಿದ್ದಾರೆ. ಅವರ ಸಹವಾಸ ಮಾಡಿ ಪೊಲೀಸ್ ಠಾಣೆ ಕಂಡವರನ್ನು ನಾನೇ ಬಲ್ಲೆ.

ಅದು ಸರ್ಕಾರಿ ಸಾಮಾನಿನ ಗುರುತು. 300 ವರ್ಷಕ್ಕೂ ಹಿಂದಿನಿಂದ ಬ್ರಿಟಿಷ್ ಸರ್ಕಾರ ತನ್ನ ಸಾಮಾನಿನ ಮೇಲೆ ಈ ಬಾಣ ಒತ್ತುತ್ತಿತ್ತು. ಕದ್ದು ಮಾರಿದರೆ ಗೊತ್ತಾಗಲಿ ಅಂತ, ಅಷ್ಟೇ. ಬಾಣದ ಜೊತೆ ಇಂಗ್ಲಿಷಿನ ‘ಐ’ ಇದ್ದರೆ ಭಾರತದ ಸೇನೆಯ ಸಾಮಾನು. ‘ಸಿ’ ಅಕ್ಷರದ ಹೊಟ್ಟೆಯೊಳಗೆ ಬಾಣ ಕೂತಿದ್ದರೆ ಕೆನಡಾದ್ದು. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಫೋರ್ಡ್, ಶೆವ್ರೊಲೆ ಲಾರಿಗಳು ನಮ್ಮ ಸೇನೆಯಲ್ಲಿ ಬಹಳ ಇದ್ದವು. ಅದಕ್ಕೇ ‘ಸಿ’ ಗುರುತಿನ ಪಾನಾ ಹುಮನಾಬಾದಿನಲ್ಲಿ ಸಿಕ್ಕರೆ ಆಶ್ಚರ್ಯ ಪಡಬೇಕಿಲ್ಲ.

ಬಾಣ ಇದೆ ಅಂದಮಾತ್ರಕ್ಕೆ ಯುದ್ಧ ಕಾಲದ್ದು ಅಂತಲೂ ಅಲ್ಲ. ಬೀದರ್ ಏರ್‌ಫೋರ್ಸ್ ಸ್ಟೇಷನ್ ಕಡೆ ಹೋದಾಗ ಸೇನೆಯ ವಾಹನಗಳ ನಂಬರ್ ಪ್ಲೇಟ್ ನೋಡಿ. ಮೇಲ್ಮುಖದ ಬಾಣ, ಪಕ್ಕದಲ್ಲಿ ವಾಹನ ಸೇನೆಗೆ ಸೇರಿದ ವರ್ಷದ ಎರಡು ಅಂಕಿ. ಬಾಣ ಇವತ್ತಿಗೂ ಓಡಾಡುತ್ತಿದೆ!

ಹಾಗಾದರೆ ಕಾಲ ಹೇಗೆ ಗೊತ್ತಾಗಬೇಕು? ಅಳತೆ ನೋಡಿ. ಪಾನಾದ ಮೇಲೆ 17, 19, 22 ಅಂತ ಮಿಲಿಮೀಟರ್ ಅಂಕಿ ಇದ್ದರೆ ಅದು ಅಮೆರಿಕದ ಜೀಪಿನದೂ ಅಲ್ಲ, ಬ್ರಿಟಿಷ್ ಲಾರಿಯದೂ ಅಲ್ಲ. ಹೆಚ್ಚಾಗಿ ಶಕ್ತಿಮಾನ್ ಲಾರಿಯ ಸಾಮಾನು. ಶಕ್ತಿಮಾನ್ ಅಂದರೆ ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು ಜಬಲ್ಪುರದಲ್ಲಿ ಮಾಡಿದ ಲಾರಿ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದ ಮೇಲಿನ ಮಾತು ಅದು. ಹೈದರಾಬಾದಿನ ಜುಮೇರಾತ್ ಬಜಾರಿನಲ್ಲಿ ‘ವರ್ಲ್ಡ್ ವಾರ್ ಪೀಸ್ ಸಾಬ್’ ಅಂತ ಕೈಗಿಡುವುದು ಬಹುಪಾಲು ಇದೇ. ನಾನೂ ಶುರುವಿನಲ್ಲಿ ಎರಡು ಸಲ ಟೋಪಿ ಹಾಕಿಸಿಕೊಂಡಿದ್ದೇನೆ.

ನಿಮ್ಮ 1/4 ಡಬ್ಲ್ಯು ನಕಲಿ ಅಲ್ಲ. ಡಬ್ಲ್ಯು ಅಂದರೆ ವಿಟ್‌ವರ್ತ್. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಪಾನಾದ ಮೇಲಿನ ಅಂಕಿ ಅದರ ಬಾಯಿಯ ಅಳತೆ ಅಲ್ಲ, ಅದು ಹಿಡಿಯುವ ಬೋಲ್ಟಿನ ಕಾಂಡದ ದಪ್ಪ. ಕಾಲು ಇಂಚು ದಪ್ಪದ ಬೋಲ್ಟಿನ ತಲೆ ಅಗಲ ಇರುವುದರಿಂದ ಬಾಯಿ 0.525 ಇಂಚು, ಅಂದರೆ 13.3 ಮಿಲಿಮೀಟರ್. ಅದೇ ಬಾಯಿಯ ಹತ್ತಿರ 5/16 ಬಿಎಸ್ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್, ಸಣ್ಣ ಥ್ರೆಡ್ಡಿನ ಬೋಲ್ಟಿನ ಅಳತೆ) ಅಂತಲೂ ಇರಬಹುದು, ಸರಿಯಾಗಿ ನೋಡಿ. ಎರಡಕ್ಕೂ ಬಾಯಿ ಒಂದೇ. ಇವತ್ತಿನ 13ರ ಪಾನಾ ಆ ಬೋಲ್ಟಿಗೆ ಕೂರಲ್ಲ, 14ರದು ಜಾರಿ ಮೂಲೆ ತಿನ್ನುತ್ತೆ. ಹಳೆಯ ಬ್ರಿಟಿಷ್ ಗಾಡಿಗಳ ಬೋಲ್ಟ್ ತಲೆ ಗುಂಡಗಾಗಿ ನಿಂತಿರುವುದು ಇದರಿಂದಲೇ. ಅಮೆರಿಕದ ಜೀಪಿನ ಲೆಕ್ಕ ಬೇರೆ. ಅದರ ಪಾನಾದ ಮೇಲೆ 1/2 ಅಂತ ಇದ್ದರೆ ಬಾಯಿ ನಿಜವಾಗಿಯೂ ಅರ್ಧ ಇಂಚು. ಫೋರ್ಡ್ ಕಾರ್ಖಾನೆ ತಾನು ಮಾಡಿದ ಜೀಪಿನ ಸಾಮಾನಿನ ಮೇಲೆ, ಬೋಲ್ಟಿನ ತಲೆಯ ಮೇಲೂ, ಬಾಲ ಸುತ್ತಿದ ‘ಎಫ್’ ಒತ್ತುತ್ತಿತ್ತು. ಅದು ಸಿಕ್ಕರೆ ನನಗೊಂದು ಫೋಟೋ ಕಳಿಸಿ, ಹೊಟ್ಟೆಕಿಚ್ಚು ಪಡುತ್ತೇನೆ.

ಈಗ ನಕಲಿ ಬಾಣದ ವಿಷಯ. ಹೊಸದಾಗಿ ಪಂಚ್ ಹೊಡೆದು ಬಾಣ ಮಾಡುವವರಿದ್ದಾರೆ. ಉಗುರಿನಿಂದ ಗುರುತಿನ ಅಂಚು ಸವರಿ. ಅಂಚು ಎದ್ದು ಉಗುರಿಗೆ ಗೀರಿದರೆ, ಗುಂಡಿಯ ತಳ ಸುತ್ತಲಿನ ಲೋಹಕ್ಕಿಂತ ಸ್ವಚ್ಛವಾಗಿದ್ದರೆ ಅನುಮಾನ ಪಡಿ. ತುಕ್ಕು ಬಾಣದೊಳಗೂ ಇಳಿದಿರಬೇಕು. ತುಕ್ಕಿನ ಗುಳಿಯ ಮೇಲೇ ಬಾಣ ಕೂತಿದ್ದರೆ ಕೆಳಗಿಟ್ಟು ಬನ್ನಿ.

ಇನ್ನು ಆಸಿಡ್. ದಯವಿಟ್ಟು ಬೇಡ. ಬಾತ್‌ರೂಮ್ ಆಸಿಡ್ ತುಕ್ಕು ತಿನ್ನುತ್ತೆ ನಿಜ, ಜೊತೆಗೆ ಗುರುತನ್ನೂ ತಿನ್ನುತ್ತೆ. ಗುಳಿಗಳಲ್ಲಿ ಉಳಿದುಕೊಂಡು ವಾರದೊಳಗೆ ಮತ್ತೆ ಕೆಂಪು ತುಕ್ಕು ತರುತ್ತೆ. ಗಟ್ಟಿ ಉಕ್ಕನ್ನು ಪೆಡಸು ಮಾಡಿ ಬಿರುಕು ಬಿಡಿಸುತ್ತೆ. ಬಾಟಲಿ ಮುಚ್ಚಳ ತೆಗೆದಿಟ್ಟರೆ ಅದರ ಹೊಗೆಗೇ ಕಪಾಟಿನಲ್ಲಿರುವ ಉಳಿದ ಪಾನಾಗಳಿಗೂ ತುಕ್ಕು ಹಿಡಿಯುತ್ತೆ. ಗ್ರೈಂಡರ್, ಎಮರಿ ಪೇಪರ್ ಕೂಡ ಬೇಡ. ಹೊಳೆಯುವ ಪಾನಾ ಬೇಕಿದ್ದರೆ ಅಂಗಡಿಯಲ್ಲಿ ಹೊಸದು ಸಿಗುತ್ತೆ. ಬಾಣ, ಇಸವಿ, ಮೂಲೆಯಲ್ಲಿ ಉಳಿದ ಒಂದಿಷ್ಟು ಹಸಿರು ಬಣ್ಣ ಇಷ್ಟೇ ನಿಮ್ಮ ಹತ್ತಿರ ಇರುವ ಆಸ್ತಿ.

ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿಡಿ. ಹಿತ್ತಾಳೆ ತಂತಿಯ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ, ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ ಹಚ್ಚಿ. ಕುಸುಬಿ ಎಣ್ಣೆ ಬೇಡವೇ ಬೇಡ. ಮನೆಯಲ್ಲಿ ಇದ್ದೇ ಇರುತ್ತೆ ಅಂತ ಎಲ್ಲರೂ ಅದನ್ನೇ ಹಚ್ಚುತ್ತಾರೆ. ಅದು ಗಾಳಿಗೆ ಒಣಗಿ ಅಂಟಾಗುತ್ತೆ, ಆಮೇಲೆ ವಾರ್ನಿಶ್ ಥರ ಗಟ್ಟಿ. ಆಳಂದದ ಕಡೆಯ ಒಬ್ಬರು ಹೀಗೆ ಎಣ್ಣೆ ಹಚ್ಚಿಟ್ಟ ಅಡ್ಜಸ್ಟಬಲ್ ಪಾನಾ ತಂದಿದ್ದರು. ತಿರುಪು ಅಲ್ಲಾಡಲೇ ಇಲ್ಲ. ಬಿಡಿಸಲು ನನಗೆ ಒಂದು ಪೂರ್ತಿ ಭಾನುವಾರ ಹೋಯಿತು.

ತುಕ್ಕು ಪದರ ಪದರವಾಗಿ ಎದ್ದಿದ್ದು, ಬಣ್ಣ ಏನೂ ಉಳಿದಿಲ್ಲ ಅಂದರೆ ಮಾತ್ರ ಕರೆಂಟಿನ ದಾರಿ. ಪ್ಲಾಸ್ಟಿಕ್ ಬಕೆಟ್, 10 ಲೀಟರ್ ನೀರು, ಎರಡು ಮೂರು ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಪಾನಾಕ್ಕೆ ಮೈನಸ್, ಗುಜರಿ ಕಬ್ಬಿಣದ ತುಂಡಿಗೆ ಪ್ಲಸ್. ಎರಡೂ ಒಂದಕ್ಕೊಂದು ತಾಗಬಾರದು. ಪ್ಲಸ್ ಕಡೆಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತೆ. ಬಕೆಟ್‌ನಿಂದ ಹೈಡ್ರೋಜನ್ ಗುಳ್ಳೆ ಏಳುತ್ತೆ, ಅಂಗಳದಲ್ಲೇ ಇಡಿ, ಹತ್ತಿರ ಬೀಡಿ ಹಚ್ಚಬೇಡಿ. ನಾನು ಒಂದು ರಾತ್ರಿ ನಿದ್ದೆಗಣ್ಣಲ್ಲಿ ಪ್ಲಸ್ ಮೈನಸ್ ಅದಲು ಬದಲು ಕೊಟ್ಟಿದ್ದೆ. ಬೆಳಿಗ್ಗೆ ನೋಡಿದರೆ ‘ಎಫ್’ ಗುರುತಿನ ನನ್ನ ಒಂದೇ ಒಂದು ಪಾನಾ ಇಲಿ ಕಡಿದ ರೊಟ್ಟಿಯಂತಾಗಿತ್ತು. ‘ಎಫ್’ ಇದ್ದ ಜಾಗದಲ್ಲಿ ಒಂದು ತೂತು. ಇವತ್ತಿಗೂ ಚಾರ್ಜರ್ ಹಾಕಿದ ಮೇಲೆ ಮೂರು ಸಲ ಎದ್ದು ಹೋಗಿ ವೈರ್ ನೋಡಿ ಬರುತ್ತೇನೆ.

ಪಟ್ಟಿಗಳು ಬಹುಶಃ 1937ರ ಮಾದರಿಯವು, ಎರಡನೇ ಯುದ್ಧದ ಉದ್ದಕ್ಕೂ ಸಿಪಾಯಿಗಳು ತೊಟ್ಟಿದ್ದು ಅದನ್ನೇ. ಒಳಮೈಯಲ್ಲಿ ಮಸಿಯಿಂದ ಒತ್ತಿದ ಇಸವಿ ಹುಡುಕಿ. ಬಟ್ಟೆಯ ಮೇಲೆ ಹಸಿರು ಪುಡಿ ಇದ್ದರೆ ಅದು ಬೂಸ್ಟು ಅಲ್ಲ. ಅದು ಬ್ಲಾಂಕೊ, ಪರೇಡಿಗೆ ಮುಂಚೆ ಸಿಪಾಯಿ ಒದ್ದೆ ಮಾಡಿ ಹಚ್ಚುತ್ತಿದ್ದ ಬಣ್ಣ. ತೊಳೆದರೆ ಹೋಯಿತು. ಹಿತ್ತಾಳೆ ಕೊಂಡಿಗೆ ಹುಣಸೆಹಣ್ಣು ಹಾಕಿ ತಿಕ್ಕುವವರನ್ನೂ ತಡೆಯಿರಿ, ಹುಳಿ ಬಟ್ಟೆಗೆ ಇಳಿಯುತ್ತೆ. ಬಾಟಲಿಯ ಉಣ್ಣೆಗೆ ಹುಳ ಬಿದ್ದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಮನೆಯವರನ್ನು ಒಪ್ಪಿಸುವುದು ನಿಮ್ಮ ಕೆಲಸ. ನಮ್ಮನೆಯಲ್ಲಿ ನನಗಿನ್ನೂ ಆಗಿಲ್ಲ. ಆ ಬಾಟಲಿಯಲ್ಲಿ ನೀರು ಮಾತ್ರ ಕುಡಿಯಬೇಡಿ.

ಕೊನೆಗೆ ನಿಮ್ಮ ಮುತ್ಯಾ ಬಗ್ಗೆ. ಅವರು ಸಿಪಾಯಿನಾ, ನಿಜಾಮರ ಪರ ಹೊಡೆದಾಡಿದ ರಜಾಕಾರರ ಕಡೆಯವರಾ ಅಂತ ಪತ್ರದ ಕೊನೆಯಲ್ಲಿ ಅಂಜುತ್ತಾ ಕೇಳಿದ್ದೀರಿ. ಪಾನಾ ನೋಡಿ ಅದನ್ನು ಹೇಳಲು ಆಗಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸುವ ಪೊಲೀಸ್ ಆಕ್ಷನ್ ಶುರುವಾದಾಗ ಸೋಲಾಪುರದಿಂದ ಹೊರಟ ಮುಖ್ಯ ಪಡೆ ನಳದುರ್ಗ, ಹುಮನಾಬಾದ್, ಜಹೀರಾಬಾದ್ ದಾರಿಯಲ್ಲೇ ಹೈದರಾಬಾದಿನ ಕಡೆ ಹೋಯಿತು. ಆಗ ಸೇನೆಯ ಹತ್ತಿರ ಇದ್ದದ್ದೂ ಮಹಾಯುದ್ಧದ ಗಾಡಿಗಳೇ. ರಸ್ತೆಯಲ್ಲಿ ಬಿದ್ದ ಪಾನಾ ಯಾರ ಮನೆಗಾದರೂ ಸೇರಿರಬಹುದು. ಅದಕ್ಕಿಂತ ಜಾಸ್ತಿ ಬಂದಿದ್ದು ಹರಾಜಿನಿಂದ. ಯುದ್ಧ ಮುಗಿದ ಮೇಲೆ ಸೇನೆ ಹೆಚ್ಚುವರಿ ಲಾರಿ, ಜೀಪು, ಪೆಟ್ಟಿಗೆಗಟ್ಟಲೆ ಸಾಮಾನು ಮಾರಿತು. ಲಾರಿ ಮಾಲೀಕರು, ಮಿಸ್ತ್ರಿಗಳು ಕೊಂಡರು. ಮುತ್ಯಾ ಲಾರಿ ಓಡಿಸುತ್ತಿದ್ದರಾ ಅಂತ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಟ್ರಂಕಿನಲ್ಲೇ ಇಡಿ. ರೇಟು ನಾನು ಯಾರಿಗೂ ಹೇಳಲ್ಲ, ನಿಮಗೂ ಹೇಳಲ್ಲ. ಆದರೆ 11 ಪಾನಾ ಬಿಡಿ ಬಿಡಿಯಾಗಿ ಮಾರಬೇಡಿ.

ಪ್ರಶ್ನೆ: ಹಳೆಯ ವಿಲ್ಲಿಸ್ ಜೀಪ್ ಕೊಂಡೆ. ಎಡಗಡೆ ಚಕ್ರದ ಬೋಲ್ಟ್ ಎಷ್ಟು ಬಲ ಹಾಕಿದರೂ ಬರಲ್ಲ, ಎರಡು ಮುರಿದವು. (ಯಾದಗಿರಿ)

ಉತ್ತರ: ಮುರಿದದ್ದು ನೀವೇ. ಯುದ್ಧ ಕಾಲದ ಜೀಪಿನ ಎಡಗಡೆ ಚಕ್ರಗಳಿಗೆ ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ. ಬೋಲ್ಟಿನ ತುದಿಯಲ್ಲಿ ‘ಎಲ್’ ಇದೆಯಾ, ಮಸಿ ಒರೆಸಿ ನೋಡಿ. ಪೈಪ್ ಹಾಕಿ ಜಗ್ಗುವ ಮಿಸ್ತ್ರಿಯನ್ನು ಬದಲಾಯಿಸಿ.

ಪ್ರಶ್ನೆ: ಬಿದ್ರಿ ಸಾಮಾನಿಗೆ ಹಚ್ಚುವ ಕೋಟೆ ಮಣ್ಣಿನಿಂದ ಪಾನಾ ಕಪ್ಪು ಮಾಡಬಹುದಾ? (ಬೀದರ್)

ಉತ್ತರ: ಬೇಡ. ಬಿದ್ರಿ ಮಾಡುವುದು ಸತು ಮತ್ತು ತಾಮ್ರದ ಮಿಶ್ರಣದಲ್ಲಿ. ಆ ಮಣ್ಣು, ನವಸಾಗರ ಅನ್ನುವ ಉಪ್ಪು ಸೇರಿ ಕಪ್ಪು ಮಾಡುವುದು ಅದನ್ನು. ಉಕ್ಕಿಗೆ ನವಸಾಗರ ತಾಗಿದರೆ ತುಕ್ಕಿಗೆ ಊಟ ಬಡಿಸಿದಂತೆ. ಕೋಟೆ ಮಣ್ಣನ್ನು ಬಿದ್ರಿ ಕೆಲಸದವರಿಗೆ ಬಿಡಿ.

ಪ್ರಶ್ನೆ: ಹಿತ್ತಾಳೆ ಶೆಲ್ ಕೇಸ್ (ತೋಪಿನ ಗುಂಡಿನ ಖಾಲಿ ಕವಚ) ರೈಸ್ ಪುಲ್ಲರ್, ಅಂದರೆ ಅಕ್ಕಿ ಸೆಳೆಯುವ ಪವಾಡದ ಲೋಹ ಅಂತೆ, ಕೋಟಿ ಬೆಲೆ ಅಂತೆ? (ಸುರಪುರ)

ಉತ್ತರ: ಅಕ್ಕಿ ಎಳೆಯಲ್ಲ, ನಿಮ್ಮ ದುಡ್ಡು ಎಳೆಯುತ್ತೆ.

ಪ್ರಶ್ನೆ: ಹಳೆಯ ಮಿಲಿಟರಿ ದಿಕ್ಸೂಚಿ ಕತ್ತಲಲ್ಲಿ ಹೊಳೆಯುವುದು ನಿಂತಿದೆ. ಬಿಚ್ಚಿ ಹೊಸ ಬಣ್ಣ ಹಾಕಲಾ? (ಕಲಬುರಗಿ)

ಉತ್ತರ: ಬಿಚ್ಚಬೇಡಿ. ಹೊಳೆಯುವ ಪುಡಿ ಸವೆದಿದೆ, ಒಳಗಿನ ರೇಡಿಯಂ ಸವೆದಿಲ್ಲ. ಅದು ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ಒಡೆದಿದ್ದರೆ ಚೀಲದಲ್ಲಿ ಕಟ್ಟಿ ದೂರ ಇಡಿ, ಮಕ್ಕಳ ಕೈಗೆ ಕೊಡಬೇಡಿ. ನನ್ನ ಹತ್ತಿರವೂ ಒಂದಿದೆ. ಮಲಗುವ ಕೋಣೆಗೆ ತಂದಿಲ್ಲ.

ಪ್ರಶ್ನೆ: ಯುದ್ಧ ಕಾಲದ ಗ್ಯಾಸ್ ಮಾಸ್ಕ್ ಮಗನಿಗೆ ಫ್ಯಾನ್ಸಿ ಡ್ರೆಸ್ಸಿಗೆ ಹಾಕಬಹುದಾ? (ಶಹಾಪುರ)

ಉತ್ತರ: ಆಗಿನ ಎಷ್ಟೋ ಮಾಸ್ಕ್‌ಗಳ ಫಿಲ್ಟರಿನಲ್ಲಿ ಆಸ್ಬೆಸ್ಟಾಸ್ ಇದೆ. ಮಗನಿಗೂ ಬೇಡ, ನಿಮಗೂ ಬೇಡ. ಅವನಿಗೆ ಸಂಗೊಳ್ಳಿ ರಾಯಣ್ಣನ ವೇಷ ಹಾಕಿ.

ಪ್ರಶ್ನೆ: ಬಾವಿ ಹೂಳೆತ್ತುವಾಗ ಚೂಪು ಮೂತಿಯ ಭಾರದ ಕಬ್ಬಿಣ ಸಿಕ್ಕಿದೆ, ಫೋಟೋ ಕಳಿಸಿದ್ದೇನೆ. ತುಕ್ಕು ತೆಗೆದು ಶೋಕೇಸಿನಲ್ಲಿ ಇಡಬೇಕು. (ಬಸವಕಲ್ಯಾಣ)

ಉತ್ತರ: ಫೋಟೋ ನೋಡಿ ನನ್ನ ಕೈ ನಡುಗಿತು, ಅದು ಸಿಡಿಯದೆ ಉಳಿದ ಶೆಲ್ ಇರಬಹುದು. ಅದನ್ನು ತಿಕ್ಕಬೇಡಿ, ಎತ್ತಬೇಡಿ, ಬಕೆಟ್‌ನಲ್ಲಿ ನೆನೆಸಬೇಡಿ. ಹಳೆಯದಾದಷ್ಟೂ ಸಾಧು ಆಗುತ್ತೆ ಅಂದುಕೊಳ್ಳಬೇಡಿ. ಎಲ್ಲರನ್ನೂ ಅಲ್ಲಿಂದ ದೂರ ಕಳಿಸಿ 112ಕ್ಕೆ ಫೋನ್ ಮಾಡಿ. ನಿಮ್ಮ ಪತ್ರ ಓದಿದ ತಕ್ಷಣ ನಾನೂ ನಿಮಗೆ ಫೋನ್ ಮಾಡಿದ್ದೆ, ನೀವು ಎತ್ತಲಿಲ್ಲ. ಇದನ್ನು ಓದುವ ಹೊತ್ತಿಗೂ ಅದು ನಿಮ್ಮ ಅಂಗಳದಲ್ಲೇ ಇದ್ದರೆ ಓದುವುದನ್ನು ಇಲ್ಲಿಗೆ ನಿಲ್ಲಿಸಿ ಎದ್ದೇಳಿ.